ಬಿಜಲಿಯ ಬಸಿರು

ಜೋಡಿ ಮಾಡಿಸಿದ ಇಪ್ಪತ್ತೆಂಟನೆಯ ದಿನ ಬೆಳಿಗ್ಗೆ ಗುಣವತಿ ತನ್ನ ನಾಯಿ ಬಿಜಲಿಯನ್ನು ಹಿತ್ತಲ ಕಟ್ಟೆಯ ಮೇಲೆ ನಿಲ್ಲಿಸಿದಳು. ಹಿಂದಿನಿಂದ ಎರಡೂ ಕೈಗಳನ್ನು ಅದರ ಹೊಟ್ಟೆಯ ಕೆಳಗೆ ಇಳಿಸಿ ಕಣ್ಣು ಮುಚ್ಚಿಕೊಂಡಳು. ಬೆರಳ ತುದಿಗೆ ಒಂದರ ಪಕ್ಕ ಒಂದರಂತೆ ಗಂಟುಗಳು ಸಿಕ್ಕವು. ಅಡಿಕೆಗಿಂತ ಸ್ವಲ್ಪ ದೊಡ್ಡವು. ಮೂರು ಎಣಿಸಿದಳು, ನಾಲ್ಕನೆಯದು ಜಾರಿಹೋಯಿತು.

“ಲಹರಿ, ಗಬ್ಬ ನಿಂತೈತಿ!” ಎಂದು ಒಳಗಿದ್ದ ಮಗಳನ್ನು ಕೂಗಿದಳು.

ಮುಧೋಳದ ಬೇಟೆನಾಯಿಗಳ ನಡುವೆ ಬೆಳೆದವಳು ಅವಳು. ಮದುವೆಯಾಗಿ ಹೈದರಾಬಾದಿಗೆ ಬಂದು ಇಪ್ಪತ್ತಾರು ವರ್ಷವಾಗಿದ್ದರೂ ಕೂಕಟ್‌ಪಲ್ಲಿಯ ಆ ನೆಲಮಹಡಿ ಮನೆಯಲ್ಲಿ ನಾಯಿ ಇಲ್ಲದ ವರ್ಷವಿರಲಿಲ್ಲ. ಗಂಡ ಗುರುರಾಜ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಈಗ ಕೆಲಸದ ಮೇಲೆ ಒಡಿಶಾಗೆ ಹೋಗಿದ್ದ. ಗುಣವತಿಯ ಅಪ್ಪ ಸಾಕಿದ ತಳಿಯಲ್ಲಿ ಉಳಿದಿದ್ದ ಒಂದೇ ಹೆಣ್ಣು ಬಿಜಲಿ. ಎರಡು ಬಾರಿ ಜೋಡಿ ಮಾಡಿಸಿದರೂ ಗಬ್ಬ ನಿಂತಿರಲಿಲ್ಲ. ಮೂರನೆಯ ಸಲ ಅಣ್ಣ ಅಮರೇಶಪ್ಪ ಮುಧೋಳದಿಂದ ಜೀಪಿನಲ್ಲಿ ತನ್ನ ಗಂಡುನಾಯಿಯನ್ನು ತಂದು, ಎರಡು ದಿನ ಇದ್ದು ಹೋಗಿದ್ದ.

ಆಮೇಲೆ ಗುಣವತಿ ಕಾಯುತ್ತಲೇ ಇದ್ದಳು. ಮೂರು ವಾರ ದಾಟಿದ ಮೇಲೆ ಗುರುತುಗಳು ಒಂದೊಂದಾಗಿ ಕಾಣತೊಡಗಿದವು. ಬಿಜಲಿ ಬೆಳಿಗ್ಗೆ ಹಳದಿ ನೊರೆ ಕಾರಿಕೊಂಡಿತು. ಇಷ್ಟದ ಸಜ್ಜೆ ರೊಟ್ಟಿಯನ್ನು ಮೂಸಿ ಬಿಟ್ಟಿತು. ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬಿದವು. ಹಗಲೆಲ್ಲ ಮಲಗಿತು. ಈಗ ಗಂಟುಗಳೂ ಕೈಗೆ ಸಿಕ್ಕಿದ್ದವು. ಇನ್ನೇನು ಬೇಕು?

“ಒಂದ್ಸಲ ಸ್ಕ್ಯಾನ್ ಮಾಡಿಸೋಣಲ್ಲ ಅವ್ವಾ,” ಎಂದಳು ಲಹರಿ. ಅವಳು ಫಾರ್ಮಸಿ ಓದುತ್ತಿದ್ದಳು.

“ನನ್ನ ಕೈಗಿಂತ ನಿಮ್ಮ ಮಷೀನಿಗೆ ಹೆಚ್ಚ ತಿಳೀತೈತೇನು? ಗಾಡಿಯೊಳಗ ಕುಲುಕಾಡಿಸಿ ಇದ್ದದ್ದೂ ಇಳಿಸ್ಕೋಬ್ಯಾಡ.”

ಮೂವತ್ತನೆಯ ದಿನ ಮಧ್ಯಾಹ್ನ ಲಹರಿ ನೀರಿನ ಬೋಗುಣಿ ತುಂಬಿಸಲು ಬಂದು ನಿಂತುಬಿಟ್ಟಳು. “ಅವ್ವಾ, ಮುಂಜಾನಿಂದ ಇದು ನಾಕನೇ ಸಲ. ಇಷ್ಟ್ಯಾಕ ಕುಡಿಯಾಕತ್ತೈತಿ?”

“ಬಸಿರಿಗೆ ನೀರಡಿಕಿ ಆಗೂದಿಲ್ಲೇನು? ಬಿಸಿಲ ನೋಡು ಹೆಂಗೈತಿ.”

ಮಗಳು ಬೋಗುಣಿ ತುಂಬಿಸಿ ಒಳಗೆ ಹೋದಳು. ಆದರೆ ಅವಳು ನೋಡದಿದ್ದ ಒಂದು ಸಂಗತಿ ಗುಣವತಿಗೆ ಗೊತ್ತಿತ್ತು. ಅಂದು ಬೆಳಿಗ್ಗೆ ಬಿಜಲಿ ಮಲಗಿದ್ದ ಬಟ್ಟೆಯ ಮೇಲೆ ಅಂಗೈಯಗಲದ ಕಲೆ ಇತ್ತು. ನಾಲ್ಕು ವಾರಕ್ಕೆ ಬಸಿರು ನಾಯಿಗೆ ತಿಳಿಯಾದ ಲೋಳೆ ಹೋಗುವುದುಂಟು, ಅದು ಅವಳಿಗೆ ತಿಳಿದದ್ದೇ. ಇದು ತಿಳಿಯಾಗಿರಲಿಲ್ಲ. ಇಟ್ಟಿಗೆ ಬಣ್ಣಕ್ಕಿತ್ತು, ಹಳಸಿದ ವಾಸನೆಯಿತ್ತು. ಬಟ್ಟೆಯೇ ಹಳೆಯದು, ಅದರದೇ ವಾಸನೆ ಇರಬೇಕು ಎಂದುಕೊಂಡಳು. ಮುದ್ದೆ ಮಾಡಿ ಕಸದ ಗಾಡಿಗೆ ಹಾಕಿ, ಬೇರೆ ಬಟ್ಟೆ ಹಾಸಿದಳು. ಮರುದಿನ ಬೆಳಿಗ್ಗೆ ಅದನ್ನೂ ಬದಲಿಸಬೇಕಾಯಿತು. ಆ ದಿನವಿಡೀ ಮಗಳನ್ನು ಹಿತ್ತಲಿಗೆ ಬಿಡದೆ ಏನೇನೋ ಕೆಲಸ ಹಚ್ಚಿದಳು.

ಮೂವತ್ತೆರಡನೆಯ ದಿನ ಹತ್ತು ಗಂಟೆಗೆ ಲಹರಿ ಕಿರುಚಿದ್ದು ಕೇಳಿ ಗುಣವತಿ ಅಡುಗೆಮನೆಯಿಂದ ಓಡಿ ಬಂದಳು. ಬಿಜಲಿ ಏಳಲು ನೋಡುತ್ತಿತ್ತು, ಹಿಂಗಾಲುಗಳು ಏಳಲಿಲ್ಲ. ಲಹರಿ ಅದರ ತುಟಿ ಎತ್ತಿ ತೋರಿಸಿದಳು. ವಸಡು ಬಿಳಚಿಕೊಂಡಿತ್ತು. ಬಾಲದ ಕೆಳಗಿನ ಕೂದಲು ಅಂಟಂಟಾಗಿತ್ತು.

“ಇದೇನವ್ವಾ ಇದು? ಹೊಲಸ ನಾರಾಕತ್ತೈತಿ!”

ಗುಣವತಿ ಬಾಗಿ ಬಿಜಲಿಯ ಕಿವಿ ಮುಟ್ಟಿದಳು. ಸುಡುತ್ತಿತ್ತು.

ಅವರಿಗೆ ಗೊತ್ತಿದ್ದ ಪಶುವೈದ್ಯೆ ಬೇಗಂಪೇಟೆಯಲ್ಲಿದ್ದಳು. ಕರೆದ ಮೊದಲ ಕ್ಯಾಬ್ ಚಾಲಕ ನಾಯಿಯನ್ನು ನೋಡಿದ್ದೇ ಗಾಡಿ ತಿರುಗಿಸಿಕೊಂಡು ಹೋದ. ಎರಡನೆಯವನು ಫೋನಿನಲ್ಲೇ ಬೇಡವೆಂದ. ಲಹರಿ ಬರಿಗಾಲಲ್ಲಿ ರಸ್ತೆಗೆ ಓಡಿ ಆಟೋ ನಿಲ್ಲಿಸಿದಳು.

“ಕುಕ್ಕಾ? ವದ್ದಮ್ಮಾ,” ನಾಯಿಯಾದರೆ ಬೇಡ ಎಂದ ಆಟೋದವನು ತೆಲುಗಿನಲ್ಲಿ.

ಗುಣವತಿ ಕಂಬಳಿಯಲ್ಲಿ ಸುತ್ತಿದ ಬಿಜಲಿಯನ್ನು ಎದೆಗವಚಿಕೊಂಡು ಗೇಟಿನ ಹೊರಗೆ ಬಂದಿದ್ದಳು. “ಚಚ್ಚಿಪೋತುಂದಿ ಅಣ್ಣಾ,” ಸತ್ತುಹೋಗುತ್ತದೆ ಎಂದಳು. ಅವಳ ಮುಖ ನೋಡಿ ಅವನು ಮೀಟರು ಕೂಡ ಹಾಕದೆ ಹತ್ತಿಸಿಕೊಂಡ.

ದಾರಿಯುದ್ದಕ್ಕೂ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ತಲೆಯ ಮೇಲೆ ಮೆಟ್ರೋ ಸಾಗಿಹೋಗುತ್ತಿತ್ತು, ಕೆಳಗೆ ಇವರ ಆಟೋ ಅಲುಗುತ್ತಿರಲಿಲ್ಲ. ಬಿಜಲಿಯ ಉಸಿರು ಚಿಕ್ಕದಾಗುತ್ತ ಬಂತು. ಗುಣವತಿ ಅಂಗೈಯನ್ನು ಅದರ ಪಕ್ಕೆಗೆ ಒತ್ತಿ ಹಿಡಿದು ಉಸಿರು ಎಣಿಸುತ್ತ ಕೂತಳು. ಎಣಿಕೆ ತಪ್ಪಿದಾಗಲೆಲ್ಲ ಮತ್ತೆ ಒಂದರಿಂದ ಶುರು ಮಾಡಿದಳು.

ಡಾಕ್ಟರ್ ಶರ್ವರಿ ಬೆಳಗಾವಿಯವಳು, ಮಾತು ಕಮ್ಮಿ. ಹೊಟ್ಟೆಯ ಕೂದಲು ಬೋಳಿಸಿ, ಜೆಲ್ ಹಚ್ಚಿ ಸ್ಕ್ಯಾನ್ ಮಾಡತೊಡಗಿದಳು. ಪರದೆಯ ಮೇಲೆ ಕಪ್ಪು ಕಪ್ಪು ಚೀಲಗಳು ಸಾಲಾಗಿ ಮೂಡಿದವು.

“ಮರಿ ಅಲ್ಲೇನ್ರಿ ಅವು?” ಗುಣವತಿ ಮುಂದೆ ಬಾಗಿದಳು. “ನನ್ನ ಕೈಗೆ ಸಿಕ್ಕಿದ್ದು ಅವೇ. ಮೂರು ಎಣಿಸೇನಿ.”

“ಕೈಗೆ ಸಿಕ್ಕಿದ್ದು ಖರೆ ಐತ್ರಿ. ಆದ್ರ ಮರಿ ಇದ್ದಿದ್ರ ಈ ಹೊತ್ತಿಗೆ ಎದಿ ಬಡಿತ ಕಾಣಬೇಕಿತ್ತು. ಒಂದೂ ಇಲ್ಲ. ಇದೆಲ್ಲ ಕೀವು. ಗರ್ಭಕೋಶ ಗಂಟುಗಂಟಾಗಿ ಬಾತೈತಿ. ಕೈಯಿಂದ ನೋಡಿದ್ರ ಎಂಥವರೂ ಮೋಸ ಹೋಗ್ತಾರ.” ಡಾಕ್ಟರ್ ತಲೆ ಎತ್ತಿದಳು. “ಹೊಲಸು ಹೋಗಾಕತ್ತಿ ಎಷ್ಟ ದಿನ ಆತು?”

“ಇವತ್ತೇ ರೀ,” ಎಂದಳು ಲಹರಿ. “ಮುಂಜಾನಿ ನಾನ ನೋಡಿದ್ದು.”

“ಒಂದ ದಿನಕ್ಕ ಇಷ್ಟ ಆಗೂದಿಲ್ಲ. ಸರಿಯಾಗಿ ಹೇಳ್ರಿ. ವಿಷ ಎಷ್ಟರಮಟ್ಟಿಗೆ ಮೈಗೆ ಏರೈತಿ ಅಂತ ನನಗ ಅಂದಾಜು ಬೇಕು.”

ಗುಣವತಿ ಮೇಜಿನ ಅಂಚು ಹಿಡಿದಿದ್ದಳು. ಮಗಳತ್ತ ನೋಡುವ ಧೈರ್ಯ ಬರಲಿಲ್ಲ.

“ಮೂರು ದಿನ ಆತ್ರಿ,” ಎಂದಳು. “ನನಗ ಗೊತ್ತಿತ್ತು. ಬಟ್ಟಿ ಕಸಕ್ಕ ಒಗದಬಿಟ್ಟೆ.”

ಲಹರಿ ತಿರುಗಿ ನೋಡಿದಳು.

“ಆಪರೇಷನ್ ಈಗ್ಲೇ ಆಗಬೇಕು. ಗರ್ಭಕೋಶ ತಗೀತೀನಿ,” ಎಂದಳು ಡಾಕ್ಟರ್. “ಇನ್ನ ಮರಿ ಆಗೂದಿಲ್ಲ. ಉಳೀತೈತಿ ಅಂತ ಮಾತು ಕೊಡಾಕೂ ಆಗೂದಿಲ್ಲ. ಸಹಿ ಮಾಡ್ರಿ.”

ಪೆನ್ನು ಹಿಡಿದ ಗುಣವತಿಗೆ ಒಂದು ಕ್ಷಣ ಅಪ್ಪನ ಮುಖ, ಅವನ ಹಿಂದೆ ಸಾಲಾಗಿ ನಿಂತ ಸಪೂರ ನಾಯಿಗಳು ಕಣ್ಣಿಗೆ ಕಟ್ಟಿದವು. ಸಹಿ ಮಾಡಿದಳು.

ಮೊದಲು ಸಲೈನ್ ಏರಿಸಿದರು. ಆಮೇಲೆ ಬಾಗಿಲು ಮುಚ್ಚಿತು. ಹೊರಗಿನ ಬೆಂಚಿನ ಮೇಲೆ ತಾಯಿ ಒಂದು ತುದಿಗೆ, ಮಗಳು ಇನ್ನೊಂದು ತುದಿಗೆ ಕೂತರು. ಒಂದು ತಾಸು ಕಳೆಯಿತು. ಸಹಾಯಕಿಯೊಬ್ಬಳು ಹೊರಬಂದು ಔಷಧಿಯ ಬಾಟಲಿ ತೆಗೆದುಕೊಂಡು ಓಡಿದಳು. ಗುಣವತಿ ಎದ್ದು ನಿಂತಳು; ಬಾಗಿಲು ಮತ್ತೆ ಮುಚ್ಚಿತು, ಕೂತಳು.

“ನಾ ಕೇಳಿದ್ದೆ,” ಎಂದಳು ಲಹರಿ ಎದುರಿನ ಗೋಡೆ ನೋಡುತ್ತ. “ನೀರು ಯಾಕ ಇಷ್ಟ ಕುಡೀತೈತಿ ಅಂತ ಕೇಳಿದ್ದೆ.”

“ಕೇಳಿದ್ದಿ.”

“ಮತ್ಯಾಕ ಮುಚ್ಚಿಟ್ಟಿ?”

ಗುಣವತಿ ಮುಚ್ಚಿದ ಬಾಗಿಲನ್ನೇ ನೋಡಿದಳು. “ಮರಿ ಬೇಕಾಗಿದ್ದುವು ನನಗ. ಭಾಳ ಬೇಕಾಗಿದ್ದುವು. ಆ ಕಲೆ ನೋಡಿದ ಕೂಡ್ಲೇ ಒಳಗ ಗೊತ್ತಾತು. ಗೊತ್ತಾದದ್ದು ಬ್ಯಾಡಾಗಿತ್ತು.”

ಲಹರಿ ಕಣ್ಣೊರೆಸಿಕೊಂಡಳು. ಹತ್ತಿರ ಸರಿಯಲಿಲ್ಲ, ಎದ್ದೂ ಹೋಗಲಿಲ್ಲ.

ಎರಡೂವರೆಗೆ ಡಾಕ್ಟರ್ ಹೊರಬಂದಳು. ಅವಳ ಟೊಪ್ಪಿಗೆ ಬೆವರಿನಲ್ಲಿ ನೆಂದಿತ್ತು. “ನಡುವ ಒಂದ್ಸಲ ಕೈಬಿಟ್ಟಂಗ ಆಗಿತ್ರಿ. ಈಗ ಉಸಿರು ಸರಿ ಐತಿ. ನಾಳಿ ಸಂಜಿ ತನಕ ಏನೂ ಹೇಳಾಂಗಿಲ್ಲ.”

ಮರುದಿನ ಸಂಜೆ ಬಿಜಲಿ ತಾನಾಗಿ ಎರಡು ಹೆಜ್ಜೆ ನಡೆಯಿತು. ನಾಲ್ಕನೆಯ ದಿನ ಮನೆಗೆ ಕರೆತಂದರು. ಕುತ್ತಿಗೆಗೆ ಪ್ಲಾಸ್ಟಿಕ್ ಕೊರಳಪಟ್ಟಿ, ಹೊಟ್ಟೆಯ ಮೇಲೆ ಗೇಣುದ್ದದ ಹೊಲಿಗೆ.

ಅಂದೇ ಮುಧೋಳದಿಂದ ಅಮರೇಶಪ್ಪನ ಫೋನು ಬಂತು. “ಎಷ್ಟ ಮರಿ ಸಿಕ್ಕಾವ ತಂಗೀ ಕೈಗೆ?”

“ಒಂದೂ ಇಲ್ಲ ಅಣ್ಣಾ. ಕೀವು ತುಂಬಿತ್ತು, ಗರ್ಭಕೋಶನ ತಗಿಸಿದ್ವಿ.” ಅಲ್ಲಿಗೇ ನಿಲ್ಲಿಸಬಹುದಿತ್ತು. ಬಾಗಿಲಲ್ಲಿ ಲಹರಿ ನಿಂತಿದ್ದಳು. “ಗುರುತು ಕಂಡಿತ್ತು. ನಾ ಮುಚ್ಚಿಟ್ಟೆ. ಇನ್ನೊಂದ ದಿನ ತಡ ಆಗಿದ್ರ ನನ್ನ ಕೈಯಾರೆ ಕೊಂದಂಗ ಆಗತಿತ್ತು.”

“ನಾಯಿ ಉಳೀತಲ್ಲ?” ಎಂದ ಅಮರೇಶಪ್ಪ.

“ಉಳೀತು.”

“ಮತ್ತ ಅದನ್ನ ನೋಡ್ಕೋ,” ಎಂದು ಫೋನಿಟ್ಟ.

ಗುಣವತಿ ರೊಟ್ಟಿಯ ತುಂಡಿನಲ್ಲಿ ಮಾತ್ರೆ ಅಡಗಿಸಿ ಬಿಜಲಿಯ ಬಾಯಿಗಿಟ್ಟಳು. ಅದು ರೊಟ್ಟಿಯನ್ನು ಅಗಿದು ನುಂಗಿ, ಮಾತ್ರೆಯನ್ನು ಮಾತ್ರ ಅವಳ ಕಾಲ ಬಳಿ ಉಗುಳಿತು. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಲಹರಿ ಬಂದು ಪಕ್ಕದಲ್ಲಿ ಕೂತಳು.

“ನೀ ಬಾಯಿ ಹಿಡಿ ಅವ್ವಾ,” ಎಂದಳು. “ನಾ ಹಾಕ್ತೀನಿ.”