ತೀರ್ಥ ಹಂಚಿದ ರಾಚಮ್ಮ

ಹನಗೋಡಿನ ರಾಚಮ್ಮ ಬೆಳಗ್ಗೆ ಮಿಂದು, ಮಾದಪ್ಪನ ಪಟದ ಮುಂದೆ ಬೆಲ್ಲದ ಅಚ್ಚಿಟ್ಟು, ಅದನ್ನು ಚೂರು ಮಾಡಿ ಮನೆಯವರ ಬಲಗೈಗೆಲ್ಲ ಹಾಕದೆ ಒಲೆ ಹಚ್ಚಿದವಳಲ್ಲ. ಜ್ವರ ಬಂದ ದಿನವೂ ಗೋಡೆ ಹಿಡಿದುಕೊಂಡು ಬಂದು ಹಂಚಿ, ಹೋಗಿ ಮತ್ತೆ ಮಲಗುತ್ತಿದ್ದಳು. ಮರೆತು ಯಾರಾದರೂ ಎಡಗೈ ಚಾಚಿದರೆ ಮೆಲ್ಲಗೊಂದು ಏಟು ಬೀಳುತ್ತಿತ್ತು. “ಎಡಗೈಲಿ ಇಸ್ಕಳಾಕೆ ಇದೇನು ಬಸ್ ಟಿಕೀಟಾ?”

ಕುಳ್ಳ ದೇಹ. ಸೆರಗನ್ನು ಸೊಂಟಕ್ಕೆ ಬಿಗಿದು ಕೊಂಚ ಮುಂದಕ್ಕೆ ಬಾಗಿ ನಡೆದರೆ, ಕಾಣದ ತಟ್ಟೆಯೊಂದನ್ನು ಹಿಡಿದು ಯಾರಿಗೋ ಕೊಡಲು ಹೊರಟವಳಂತೆ ಇರುತ್ತಿದ್ದಳು. ಸಿಹಿಯೆಂಬುದು ದೇವರ ಮುಂದೆ ಹೋಗದೆ, ನಾಲ್ಕು ಜನರ ಕೈ ಸೇರದೆ, ಆ ಮನೆಯಲ್ಲಿ ಒಬ್ಬರ ಬಾಯಿಗೆ ಹೋದದ್ದಿಲ್ಲ.

ಸೊಸೆ ಕಾವ್ಯಶ್ರೀ ಚೊಚ್ಚಲ ಬಸುರಿಯಾಗಿದ್ದಾಗ ಹುಣಸೂರಿನ ಡಾಕ್ಟರು ಸಕ್ಕರೆ ಪರೀಕ್ಷೆ ಮಾಡಿಸಲು ಹೇಳಿದರು. ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದರೆ ಅವಳಿಗೆ ವಾಂತಿ. ಅದಕ್ಕೇ ಅದೇ ಬೀದಿಯ ನರ್ಸು ಸುನಂದಮ್ಮ ತನ್ನ ಪುಟ್ಟ ಮಿಷನ್ನು ತಂದು ಮನೆಯಲ್ಲೇ ನೋಡಲು ಒಪ್ಪಿದಳು. ಬೆರಳು ಚುಚ್ಚಿ ನೋಡಿ, ಚೊಂಬಿನಲ್ಲಿ ಗ್ಲೂಕೋಸ್ ಪುಡಿ ಕದಡಿಟ್ಟು, “ಇದಿಷ್ಟೂ ಕುಡಿಸ್ಬುಡಿ ರಾಚಮ್ಮಾರೆ. ಎರಡು ಗಂಟೆ ಬಿಟ್ಟು ಬಂದು ಇನ್ನೊಂದ್ಸಲ ನೋಡ್ತೀನಿ” ಎಂದು ಯಾರಿಗೋ ಇಂಜೆಕ್ಷನ್ ಕೊಡಲು ಹೋದಳು.

ಚೊಂಬು ಕಂಡೊಡನೆ ಸೊಸೆಗೆ ಓಕರಿಕೆ. “ಒಂದ್ಗಳಿಗೆ ತಡೀರಿ ಅತ್ತೆ” ಎಂದು ಒಳಗೆ ಹೋಗಿ ಒರಗಿದಳು. ಸಿಹಿ ತುಂಬಿದ ಚೊಂಬು ಕೈಗೆ ಬಂದ ಮೇಲೆ ರಾಚಮ್ಮನಿಗೆ ಗೊತ್ತಿದ್ದುದು ಒಂದೇ ದಾರಿ. ಮಾದಪ್ಪನ ಮುಂದಿಟ್ಟು ಕೈಮುಗಿದಳು. ಅಂಗಳದಲ್ಲಿ ಹೊಗೆಸೊಪ್ಪು ಪೋಣಿಸುತ್ತಿದ್ದ ಹೆಣ್ಣಾಳುಗಳು ಅಂಟು ಒರೆಸಿಕೊಂಡು ಚಾಚಿದ ಬಲಗೈಗಳಿಗೆ ಸುರಿಯುತ್ತ ಬಂದಳು.

“ಬೆಲ್ಲ ಬುಟ್ಟು ಪಾನಕ ಯಾವಾಗಿಂದ ಕೊಡ್ತಾನಪ್ಪ ನಿಮ್ ಮಾದಪ್ಪ?” ಎಂದು ಒಬ್ಬಳು ನಕ್ಕಳು.

“ಸೊಸೆ ಹೆರಿಗೆ ಸುಸೂತ್ರ ಆಗ್ಲಿ ಅಂತ ಕುಡಿಯವ್ವ, ಸುಮ್ಕೆ.”

ಅರ್ಧವಾದ ಚೊಂಬಿಗೆ ನೀರು ತುಂಬಿಸಿದಳು. ತೆಳ್ಳಗಾದದ್ದು ಸೊಸೆಯ ಗಂಟಲಲ್ಲಿ ಸಲೀಸಾಗಿ ಇಳಿದಾಗ ಒಳ್ಳೆಯದೇ ಆಯಿತೆಂದುಕೊಂಡಳು. ಸುನಂದಮ್ಮ ಮರಳಿ ಬಂದು ಕೇಳಿದ್ದಕ್ಕೆ, “ಒಂದು ತೊಟ್ಟೂ ಬುಟ್ಟಿಲ್ಲ” ಎಂದಳು. ಮಿಷನ್ನು ಏನೂ ತೊಂದರೆಯಿಲ್ಲವೆಂದು ತೋರಿಸಿತು.

ಹೆರಿಗೆ ಮೈಸೂರಿನಲ್ಲಿ. ಮಗು ವಿಪರೀತ ದಪ್ಪವಾಗಿತ್ತು. ಭುಜ ಸಿಕ್ಕಿಕೊಂಡು, ಎಳೆದು ತೆಗೆಯುವಾಗ ಬಲಗೈಯ ನರಕ್ಕೆ ಪೆಟ್ಟಾಯಿತು. ತಾಯಿಗೆ ಸಕ್ಕರೆ ಕಾಯಿಲೆ ಇತ್ತೆಂದು ಆಗ ತಿಳಿಯಿತು. ರಾಚಮ್ಮನ ಮಗ ಶಿವಶಂಕರ ಊರಿಗೆ ಬಂದವನೇ ಸುನಂದಮ್ಮನ ಬಾಗಿಲಲ್ಲಿ ನಿಂತು, “ನಿಮ್ಮ ಡಬ್ಬಾ ಮಿಷನ್ ನಂಬ್ಕೊಂಡು ನನ್ ಕೂಸಿನ ಕೈ ಹೋಯ್ತು” ಎಂದು ಬೀದಿಗೆಲ್ಲ ಕೇಳುವಂತೆ ಬೈದ. ಆಮೇಲೆ ಆ ಬೀದಿಯಲ್ಲಿ ಯಾರೂ ಅವಳನ್ನು ಮನೆಗೆ ಕರೆಯಲಿಲ್ಲ.

ಮೊಮ್ಮಗಳು ಅನುಶ್ರೀ ಬೆಳಗಿನ ಬೆಲ್ಲಕ್ಕೆ ಎಡಗೈ ಚಾಚುವಷ್ಟು ದೊಡ್ಡವಳಾದಳು. ರಾಚಮ್ಮ ಆ ಕೈಗೇ ಹಾಕುತ್ತಿದ್ದಳು.

ಸೊಸೆ ಮತ್ತೆ ಬಸುರಿಯಾದಾಗ ಪರೀಕ್ಷೆಯನ್ನು ಹುಣಸೂರಿನಲ್ಲೇ ಮಾಡಿಸಿದರು. ಅಲ್ಲಿನ ನರ್ಸು ಲೋಟ ಕೊಡುತ್ತ, “ಪೂರ್ತಿ ಕುಡೀಬೇಕು. ಕಮ್ಮಿ ಕುಡಿದ್ರೆ ಇರೋ ಕಾಯಿಲೆನೂ ಕಾಣಲ್ಲ” ಎಂದಳು. ಬೆಂಚಿನ ಮೇಲಿದ್ದ ರಾಚಮ್ಮ ಆ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು.

ಬಸ್ಸಿಳಿದವಳು ಮನೆಗೆ ಹೋಗದೆ ಸುನಂದಮ್ಮನ ಬಾಗಿಲಿಗೆ ಹೋದಳು. ಚೊಂಬಿನ ಕಥೆಯನ್ನೆಲ್ಲ ಹೇಳಿ, ಸಂಜೆ ಮಗನಿಗೂ ಹೇಳುತ್ತೇನೆಂದಳು. ಸುನಂದಮ್ಮ ಅವಳನ್ನು ಜಗಲಿಯ ಮೇಲೆ ಕೂರಿಸಿದಳು.

“ಕುಡಿಯೋ ತನಕ ನಾನೂ ಕೂತಿರಬೇಕಿತ್ತು. ಈಗ್ಯಾಕೆ ತಾಯಿ ಮಗ ದೂರ ಆಗ್ತೀರಿ? ಮಿಷನ್ನೇ ಕೆಟ್ಟಿತ್ತು ಅಂತ ಇರ್ಲಿ ಬುಡಿ. ಬೈಸ್ಕೊಂಡಿದ್ದು ಆಗೋಯ್ತಲ್ಲ.”

ಕೊಡುವುದೊಂದನ್ನೇ ಪೂಜೆಯೆಂದು ತಿಳಿದ ಇಂಥ ಹೆಂಗಸರು ನಮ್ಮ ಊರುಗಳಲ್ಲಿ ಬಹಳ. ಕೊಟ್ಟ ಕೈಯಿಂದಲೂ ಕೇಡಾದೀತೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ತಿಳಿದ ದಿನ ಅವರು ದೇವರನ್ನು ದೂರುವುದೂ ಇಲ್ಲ.

ರಾಚಮ್ಮ ಎದ್ದು ಸೆರಗು ಬಿಗಿದುಕೊಂಡಳು.

“ಬ್ಯಾಡ ಕಣ್ರವ್ವ. ಎಲ್ಲಾನೂ ಹಂಚ್ಕೊಂಡೇ ಬಂದೆ. ಈ ತಪ್ಪು ನನ್ನೊಬ್ಬಳ ತಾವೇ ಇರ್ಲಿ.”