ಕೆನ್ನೆಯೊಳಗಿನ ಕಲ್ಲು

ಒಂದೂರಲ್ಲಿ ಒಬ್ಬಳು ರಾಣಿ, ನಾಲಿಗೆಯಡಿ ಕಲ್ಲು ಬಚ್ಚಿಟ್ಟುಕೊಂಡವಳು, ಅದನ್ನು ಉಗುಳುವ ತನಕ ತೊಟ್ಟಿಲ ಕೂಸು ಕಣ್ಣು ಬಿಡದು — ಆಮೇಲೇನಾಯ್ತಜ್ಜಿ, ಆಮೇಲೆ ನೀನು ಹೂಂಗುಟ್ಟದೆ ನಿದ್ದೆ ಹೋದೆ ಪುಟ್ಟೀ, ಕಥೆ ಅಲ್ಲೇ ನಿಂತಿದೆ — ಇಲ್ಲಿ ಆಸ್ಪತ್ರೆಯ ಸ್ಕ್ಯಾನ್ ಪರದೆಯ ಮೇಲೆ ನನ್ನ ನಲವತ್ತು ದಿನದ ಮಗಳ ಹೃದಯ ಮೀನಿನ ಬಾಯಂತೆ ತೆರೆಯುತ್ತದೆ, ಮುಚ್ಚುತ್ತದೆ, ನಡುಗೋಡೆಯಲ್ಲೊಂದು ತೂತು, ಮಗುವಿನ ಅಂಗಿಯ ಕಾಜದಷ್ಟು, ಕಾರ್ಖಾನೆಯಲ್ಲಿ ದಿನಕ್ಕೆ ಸಾವಿರ ಗುಂಡಿಕಾಜ ಹಾಕಿದ ಕೈ ನನ್ನದು, ಅಲ್ಲಿ ಮೊದಲು ಹೊಲಿಗೆ, ಆಮೇಲೇ ಕತ್ತರಿಕೆ, ಇಲ್ಲಿ ಹೊಲಿಗೆಯೇ ಇಲ್ಲವಲ್ಲ, ಬರೀ ತೂತು. ಇದು ತಾನಾಗೇ ಮುಚ್ಕೋಬಹುದಮ್ಮ, ಡಾಕ್ಟರಮ್ಮ ಹೇಳುತ್ತಿದ್ದಾರೆ, ಆದ್ರೆ ಹಾಲು ಕುಡಿದಾಗೆಲ್ಲ ಬಡಿತ ಯಾಕಿಷ್ಟು ಓಡುತ್ತೆ, ಅದೇ ಗೊತ್ತಾಗ್ತಿಲ್ಲ, ಬಸುರಿನಲ್ಲಿ ಏನಾದ್ರೂ, ಸಿಗರೇಟು? ಅಯ್ಯೋ ಇಲ್ಲ ಡಾಕ್ಟ್ರೇ, ಪಕ್ಕದ ಕುರ್ಚಿಯಿಂದ ನನ್ನ ಗಂಡ, ಇವರೇ ಎದೆಯುಬ್ಬಿಸಿ, ಗೊತ್ತಾದ ದಿನಾನೇ ಬಿಟ್ಲು ನೋಡಿ, ನಮ್ಮ ಕಡೆ ಗಂಡಸರ ಕೈಲೂ ಆಗಲ್ಲ. ಬಿಟ್ಟೆ, ನಿಜ, ಅವತ್ತೇ ಕಟಿಂಗ್ ಮೇಜಿನ ಅಕ್ಕ ಕೈಗಿಟ್ಟಳು, ನಿಕೋಟಿನ್ ಗಮ್ಮು ಕಣೇ, ಸಿಗರೇಟು ಬಿಡೋರು ಅಗಿಯೋದು, ಹೊಗೆ ಇಲ್ಲ, ಬೂದಿ ಇಲ್ಲ, ಪುದೀನ ವಾಸನೆ, ಅಗಿ, ಹೆದರ್ಬೇಡ, ಚೀಟಿಯಲ್ಲಿ ಬರೆದಿತ್ತು ಗರ್ಭಿಣಿಯರು ವೈದ್ಯರನ್ನು ಕೇಳಿ ಎಂದು, ಕೇಳಿದರೆ ಬೇಡ ಅಂದಾರೆಂದೇ ಕೇಳಲಿಲ್ಲ, ಎಂಟು ತಿಂಗಳು, ದಿನಕ್ಕೆ ಹನ್ನೆರಡು, ಒಳಗೆ ಅವಳು ಒದ್ದಾಗ ಕುಣೀತಿದಾಳೆ ಅಂದುಕೊಂಡೆ, ಕುಣಿತವೋ, ಬೇಡಮ್ಮ ಅನ್ನುವುದೋ — ಗಮ್ಮು ಈಗಲೂ ಎಡಗೆನ್ನೆಯಲ್ಲಿದೆ, ಹಾಲೂಡುವಾಗಲೂ ಇತ್ತು, ಹಾಲೂಡುವಾಗಲೂ! ಬೆಳಿಗ್ಗೆ ಫೋನಿನಲ್ಲಿ ಅಜ್ಜಿಗೆ ಮಾತು ಕೊಟ್ಟಿದ್ದೇನೆ, ಇವತ್ತು ಹೇಳೇ ಹೇಳ್ತೀನಿ, ಹೇಳಿದರೆ ಇವರ ಉಬ್ಬಿದ ಎದೆ, ಅತ್ತೆಯ ಬಾಯಿ, ನಾಳೆ ಮಗಳೇ ಕೇಳಿದರೆ, ಹೇಳದಿದ್ದರೆ — ಹಾಗಾದ್ರೆ ಬಡಿತ ಇಳಿಸೋ ಔಷಧಿ ಶುರು ಮಾಡೋಣ, ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆಯುತ್ತಾರೆ, ಇಷ್ಟು ಪುಟ್ಟ ಮೈಗೆ, ನಾನು ಬಾಯಿ ಮುಚ್ಚಿಕೊಂಡಿದ್ದಕ್ಕೆ ಔಷಧಿ — ತಡೀರಿ. ನನ್ನದೇ ದನಿಯೇ ಇದು, ತಡೀರಿ ಡಾಕ್ಟ್ರೇ, ಅಂಗೈಗೆ ಉಗುಳಿದೆ, ಇದು, ನಿಕೋಟಿನ್ ಗಮ್ಮು, ಬಸುರಿನಲ್ಲೂ ಇದೇ, ಇವತ್ತೂ ಇದೇ. ಪೆನ್ನು ನಿಂತಿತು. ಇವರು ಕೂತ ಕುರ್ಚಿಯನ್ನು ಸ್ವಲ್ಪ, ಸ್ವಲ್ಪವೇ ಆಚೆ ಸರಿಸಿದರು. ತೂತು ಇದರಿಂದಾನೇ ಅಂತ ಹೇಳೋಕಾಗಲ್ಲಮ್ಮ, ಅಲ್ಲ ಅಂತಾನೂ ಹೇಳೋಕಾಗಲ್ಲ, ಆದ್ರೆ ಬಡಿತ ಓಡೋದು ಹಾಲಿಗಿಳಿದ ಇದರಿಂದಲೇ ಇರಬಹುದು, ಔಷಧಿ ಸದ್ಯಕ್ಕೆ ಬೇಡ, ಮೊದಲು ಇದನ್ನ ನಿಲ್ಲಿಸಿ ನೋಡೋಣ — ಹೇಳಿದೆ ಅಜ್ಜಿ, ಹೇಳಿಬಿಟ್ಟೆ, ಮಗಳು ಕಣ್ಣು ಬಿಡುತ್ತಿಲ್ಲ, ನಿದ್ದೆಯೇ, ಬರೀ ನಿದ್ದೆಯೇ, ಪರದೆಯ ಮೇಲೆ ಕಾಜ ತೆರೆಯುತ್ತದೆ, ಮುಚ್ಚುತ್ತದೆ, ಅಂಗೈಯಲ್ಲಿ ಬೂದುಬಣ್ಣದ ಕಲ್ಲು, ಅದರ ಮೇಲೆ ನನ್ನ ಹಲ್ಲಿನ ಗುರುತು, ನನ್ನ ಹಲ್ಲಿನ —