ಫಿರ್ಮಿನ್ ತುಂಬಿಸಿದ ಕೊನೆಯ ಪೀಪಾಯಿ

ಹದಿನಾಲ್ಕನೇ ನಂಬರಿನ ಪೀಪಾಯಿಯ ಸರದಿ ಬಂದದ್ದು ಗುರುವಾರ ಮಧ್ಯಾಹ್ನ. ಅಲೀಡಾ ಬೆಳಗಿನಿಂದ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ. ಹಸಿವಿರಲಿಲ್ಲವೆಂದಲ್ಲ. ರುಚಿ ನೋಡುವ ದಿನ ಹೊಟ್ಟೆ ಖಾಲಿ ಇರಬೇಕೆಂದು ಗಂಡ ಫಿರ್ಮಿನ್ ಹಟ ಹಿಡಿಯುತ್ತಿದ್ದ. ಅವನಿಲ್ಲದ ಮೇಲೆ ಆ ಹಟ ಇವಳಿಗೆ ಬಂದಿತ್ತು. ಅವನು ಸತ್ತು ಒಂದು ವರ್ಷದ ಮೇಲೆ ಒಂದೂವರೆ ತಿಂಗಳಾಗಿತ್ತು. ಅವನು ಕೊನೆಯದಾಗಿ ತುಂಬಿಸಿದ ಪೀಪಾಯಿ ಇದು.

ಔದೆನಾರ್ದೆ ಊರಿನಿಂದ ಎರಡು ಹರದಾರಿ ಕೆಳಗೆ, ಸ್ಕೆಲ್ಡೆ ನದಿಯ ದಂಡೆಯ ಮೇಲಿದ್ದ ಮನೆತನದ ಬಿಯರ್ ಭಟ್ಟಿಯಲ್ಲಿ ಮೈಮುರಿಯುವ ಕೆಲಸವೆಲ್ಲ ಫಿರ್ಮಿನ್‌ನದು, ಕೊನೆಯ ಮಾತು ಮಾತ್ರ ಅವನ ಅಣ್ಣ ಒಡಿಯೆಲ್‌ನದು. ಅಪ್ಪನ ಕಾಲದಿಂದಲೂ ಅಲ್ಲಿ ಒಂದು ಪದ್ಧತಿ. ಕೆಲಸ ಮಾಡುವ ಪ್ರತಿಯೊಬ್ಬನೂ ಜುಲೈ ತಿಂಗಳಲ್ಲಿ ತನ್ನದೇ ಒಂದು ಪೀಪಾಯಿ ತುಂಬಿಸಬೇಕು. ವರ್ಷವಿಡೀ ಹುಳಿತ ಕಂದು ಬಿಯರು, ಅದಕ್ಕೆ ಬೀಜದ ಸಮೇತ ಹುಳಿ ಚೆರಿ ಹಣ್ಣು. ಮುಂದಿನ ವರ್ಷ, ನವೆಂಬರ್ ಒಂದರ ಸಕಲ ಸಂತರ ಹಬ್ಬದ ಹಿಂದಿನ ವಾರ, ಒಡಿಯೆಲ್ ನೆಲಮಾಳಿಗೆಗೆ ಇಳಿದು ಒಂದೊಂದನ್ನೇ ರುಚಿ ನೋಡಿ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾನೆ. ಸೊನ್ನೆ ಹಾಕಿದರೆ ಆ ಬಿಯರು ತುಂಬಿಸಿದವನ ಹೆಸರಿನಲ್ಲೇ ಬಾಟಲಿಗೆ ಇಳಿಯುತ್ತದೆ. ಗೀಟು ಎಳೆದರೆ ಬೇರೆ ಬಿಯರಿನೊಂದಿಗೆ ಬೆರಕೆಗೆ. ಇಂಟು ಹಾಕಿದರೆ ಚರಂಡಿಗೆ.

ಹದಿನೈದು ವರ್ಷ ಫಿರ್ಮಿನ್‌ಗೆ ಸಿಕ್ಕಿದ್ದು ಬರೀ ಗೀಟು. ಬಾಟಲಿ ತೊಳೆಯುವ ಕಮೀಲ್‌ಗೂ ಎರಡು ಸಲ ಸೊನ್ನೆ ಬಿದ್ದಿತ್ತು, ಮನೆಯ ಮಗನಿಗೆ ಒಂದು ಸಲವೂ ಇಲ್ಲ. ಒಡಿಯೆಲ್‌ಗೆ ಅಂಥ ನಾಲಿಗೆ ಕೊಟ್ಟ ದೇವರು ಅದನ್ನು ಎಲ್ಲಿ ಬಿಗಿಹಿಡಿಯಬೇಕು ಎಂಬುದನ್ನು ಕಲಿಸಿರಲಿಲ್ಲ. ಒಂದು ಭಾನುವಾರ, ಪೂಜೆ ಮುಗಿಸಿ ಪಾರಿವಾಳದ ಪಂದ್ಯದವರೆಲ್ಲ ಚರ್ಚಿನ ಎದುರಿನ ಅಂಗಡಿಯಲ್ಲಿ ಕುಡಿಯುತ್ತ ಕೂತಿದ್ದಾಗ ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟ: "ನನ್ನ ತಮ್ಮನ ಬಿಯರು ಹೆಣ್ಣು ನೋಡೋಕೆ ಹೋಗೋ ಪುಕ್ಕಲ ಇದ್ದ ಹಾಗೆ. ಜೊತೆಗೊಬ್ಬ ಬೇಕು. ಒಬ್ಬನೇ ನಿಲ್ಲಲ್ಲ." ಅಂಗಡಿಯೆಲ್ಲ ನಕ್ಕಿತು. ಫಿರ್ಮಿನ್ ಕೂಡ ನಕ್ಕ. ಮನೆಗೆ ಬಂದವನು ಸೈಕಲ್ಲನ್ನು ಗೋಡೆಗೆ ಒರಗಿಸದೆ ಅಂಗಳದಲ್ಲಿ ಹಾಗೇ ಕೆಡವಿ ಒಳಗೆ ಹೋದದ್ದು ಅಲೀಡಾಳಿಗೆ ಮಾತ್ರ ಗೊತ್ತು. ಊರಿನಲ್ಲಿ 'ಪುಕ್ಕಲ' ಎಂಬುದು ಫಿರ್ಮಿನ್‌ಗೆ ಅಡ್ಡಹೆಸರಾಗಿ ಅಂಟಿಕೊಂಡಿತು. ಅವನು ಸತ್ತ ಮೇಲೂ ಬಿಟ್ಟಿರಲಿಲ್ಲ.

ಆ ಹೆಸರನ್ನು ಅಳಿಸಬಲ್ಲದ್ದು ಒಂದೇ ಒಂದು ಸೊನ್ನೆ. ಅಲೀಡಾ ಹಿಂದಿನ ವಾರವೇ ನಾನೂರು ಬಾಟಲಿ ತೊಳೆದು ಅಂಗಳದಲ್ಲಿ ಬೋರಲು ಹಾಕಿದ್ದಳು. ಯಾರೂ ಹೇಳಿರಲಿಲ್ಲ. ಕಮೀಲ್ ನೋಡಿ ಏನೂ ಕೇಳದೆ ತಾನೂ ಅರ್ಧ ದಿನ ಕೈ ಹಾಕಿದ್ದ.

ಆದರೆ ಅವಳ ಎದೆಯಲ್ಲಿ ಬೇರೊಂದು ಕಲ್ಲು ಕೂತಿತ್ತು. ಚೆರಿ ಬಿದ್ದು ಬಿರಡೆ ಬಡಿದ ಮೇಲೆ ಪೀಪಾಯಿಯನ್ನು ಯಾರೂ ತೆರೆಯಬಾರದು. ಒಳಗೆ ಬಿಯರಿನ ಮೇಲೆ ತೆಳ್ಳಗೆ ಒಂದು ಬಿಳಿ ಕೆನೆ ಕಟ್ಟುತ್ತದೆ. ಅದು ಇರುವವರೆಗೆ ಗಾಳಿ ಒಳಗೆ ಇಳಿಯುವುದಿಲ್ಲ, ಅದು ಒಡೆದರೆ ಬಿಯರು ಕೆಟ್ಟಿತು. ಅದಕ್ಕೇ ರುಚಿ ನೋಡುವವನು ಬಿರಡೆಯ ತಂಟೆಗೆ ಹೋಗದೆ, ಪೀಪಾಯಿಯ ಮುಂಭಾಗದಲ್ಲಿ ಹೊಡೆದಿರುವ ಮೊಳೆಯನ್ನು ಇಕ್ಕಳದಿಂದ ಕಿತ್ತು, ಆ ತೂತಿನಿಂದ ಒಂದು ಗುಟುಕು ಹಿಡಿದು ಮತ್ತೆ ಮೊಳೆ ಹೊಡೆಯುತ್ತಾನೆ. ಇದು ಅಲೀಡಾಳಿಗೆ ತಿಳಿಯದ್ದಲ್ಲ. ಹೊಸಬರು ಬಿರಡೆ ಮುಟ್ಟಿದರೆ ಅವರ ಕಿವಿ ಹಿಂಡಿದವಳು ಅವಳೇ.

ಗಂಡನನ್ನು ಮಣ್ಣು ಮಾಡಿ ಬಂದ ಮೂರನೇ ಭಾನುವಾರ ಎಲ್ಲರೂ ಪೂಜೆ ಮುಗಿಸಿ ಅಂಗಡಿಗೆ ಹೋಗಿದ್ದಾಗ ಅವಳು ನೆಲಮಾಳಿಗೆಗೆ ಇಳಿದಿದ್ದಳು. ಸುಮ್ಮನೆ ಪೀಪಾಯಿಯ ಹತ್ತಿರ ನಿಲ್ಲೋಣವೆಂದು. ನಿಂತರೆ ಸಾಲಲಿಲ್ಲ. ಸುತ್ತಿಗೆಯಿಂದ ಬಿರಡೆಯನ್ನು ಎರಡೂ ಕಡೆ ತಟ್ಟಿ ತೆಗೆದು ಮೂಗು ಒಡ್ಡಿದಳು. ಚೆರಿ, ಮರ, ಹುಳಿ, ಜುಲೈ ತಿಂಗಳಿಡೀ ಫಿರ್ಮಿನ್‌ನ ಅಂಗಿಯಿಂದ ಬರುತ್ತಿದ್ದ ವಾಸನೆ. ಒಂದು ತೊಟ್ಟೂ ಮುಟ್ಟಲಿಲ್ಲ, ಕೆನೆ ಕದಡಲಿಲ್ಲ. ಮೂಗು ತಾನೆ, ಏನಾಗುತ್ತದೆ ಎಂದುಕೊಂಡಳು. ಮುಂದಿನ ಭಾನುವಾರವೂ ಹೋದಳು. ಅದರ ಮುಂದಿನದ್ದಕ್ಕೂ. ಈ ವರ್ಷ ಆಗಸ್ಟ್ ಕಳೆದ ಮೇಲೆ ಆ ವಾಸನೆ ಮೂಗಿಗೆ ಚುಚ್ಚತೊಡಗಿತು. ತನಗೆ ನೆಗಡಿಯಿರಬೇಕು ಎಂದು ತನಗೇ ಸುಳ್ಳು ಹೇಳಿಕೊಂಡಳು, ಪುಣ್ಯಾತ್ಗಿತ್ತಿ.

ಈ ಗುರುವಾರ ಒಡಿಯೆಲ್ ಮೆಟ್ಟಿಲು ಇಳಿದು, ನೆಲಮಾಳಿಗೆಯಲ್ಲಿ ಕಾಯುತ್ತಿದ್ದ ಅಲೀಡಾಳ ಹತ್ತಿರ ಬಂದ. ಎಪ್ಪತ್ತು ದಾಟಿದ ಆಸಾಮಿ, ಮಂಡಿ ಕೈಕೊಟ್ಟಿತ್ತು, ಮೂಗು ಮಾತ್ರ ಇನ್ನೂ ಚುರುಕು.

"ಊಟ ಆಯ್ತಾ?" ಎಂದ.

"ಇಲ್ಲ ಭಾವ."

"ಅವನೂ ಹಿಂಗೇ ಉಪವಾಸ ಬೀಳ್ತಿದ್ದ. ಕುಡಿಯೋನು ನಾನು, ಹೊಟ್ಟೆ ಕಾಯಿಸ್ಕೊಳ್ಳೋನು ಅವನು."

"ನೀವೆಲ್ಲಿ ಕುಡೀತೀರಿ ಭಾವ, ಉಗೀತೀರಿ."

ಒಡಿಯೆಲ್ ಗಂಟಲಲ್ಲೇ ನಕ್ಕು ಇಕ್ಕಳ ಎತ್ತಿಕೊಂಡ. ತುಂಬಿಸಿದವನು ಪೀಪಾಯಿಯ ಪಕ್ಕದಲ್ಲೇ ನಿಂತಿರಬೇಕು, ಗುರುತು ಬೀಳುವವರೆಗೆ ಬಾಯಿ ಬಿಡಬಾರದು ಎಂಬುದು ಅಲ್ಲಿನ ನಿಯಮ. ಅಲೀಡಾ ಗಂಡನ ಜಾಗದಲ್ಲಿ ನಿಂತಳು. ಮೊಳೆ ಕಿತ್ತೊಡನೆ ಕೆಂಪು ಬೆರೆತ ಕಂದು ಬಿಯರು ದಾರದಂತೆ ಇಳಿದು ಲೋಟದ ಅರ್ಧಕ್ಕೆ ಬಂತು. ಒಡಿಯೆಲ್ ಮೊಳೆ ಹೊಡೆದು ಲೋಟವನ್ನು ದೀಪಕ್ಕೆ ಹಿಡಿದ, ಬಣ್ಣ ನೋಡಿ ತಲೆಯಾಡಿಸಿದ. ಮೂಗಿನ ಹತ್ತಿರ ತಂದ. ಅಲ್ಲಿಗೇ ಅವನ ಮುಖ ಇಳಿದುಹೋಯಿತು.

ಒಡಿಯೆಲ್ ಒಂದು ಗುಟುಕು ಬಾಯಿಗೆ ಹಾಕಿ, ಆಡಿಸಿ, ಬಕೆಟ್ಟಿಗೆ ಉಗಿದ. ಅವನು ಯಾವ ಪೀಪಾಯಿಯನ್ನೂ ಎರಡು ಸಲ ರುಚಿ ನೋಡಿದವನಲ್ಲ. ಇದನ್ನು ನೋಡಿದ. ಆಮೇಲೆ ಕತ್ತೆತ್ತಿ ಬಿರಡೆಯ ಕಡೆ ಬಹಳ ಹೊತ್ತು ದಿಟ್ಟಿಸಿದ. ಸೀಮೆಸುಣ್ಣಕ್ಕೆ ಕೈ ಹಾಕಲಿಲ್ಲ.

"ವಿನೆಗರ್ ಆಗಿದೆ," ಎಂದ. "ಪೀಪಾಯಿ ಸರಿಯಾಗಿ ತೊಳೆದಿಲ್ಲ ಅವನು. ಕುದಿಯೋ ನೀರು ಕಾಣಿಸಿಲ್ಲ ಅನ್ಸುತ್ತೆ. ಅವಸರಗೇಡಿ, ಎಷ್ಟು ಸಲ ಬಡ್ಕೊಂಡಿದ್ದೆ."

ಅಲೀಡಾ ಸುಮ್ಮನಿದ್ದುಬಿಡಬಹುದಿತ್ತು. ಸತ್ತವನು ಎದ್ದು ಬಂದು ವಾದ ಮಾಡುವುದಿಲ್ಲ. ಹದಿನೈದು ಗೀಟಿನ ಜೊತೆಗೆ ಒಂದು ಇಂಟು, ಅಲ್ಲಿಗೆ ಮುಗಿಯಿತು. ಆದರೆ ಪೀಪಾಯಿ ತುಂಬಿಸಿದ ದಿನ ಕುದಿಯುವ ನೀರಿನ ಬಕೆಟ್ಟುಗಳನ್ನು ಹೊತ್ತು ತಂದವಳು ಅವಳೇ. ಒಂದು ಸಲವಲ್ಲ, ಮೂರು ಸಲ. ಮೂರನೇ ಸಲ ಇವಳು ಗೊಣಗಿದಾಗ ಫಿರ್ಮಿನ್, "ಇದೊಂದು ಸಲ ನನ್ನ ಮಾತು ಕೇಳೇ," ಎಂದು ಅಂಗಲಾಚಿದ್ದ.

"ಮೂರು ಸಲ ತೊಳೆದ್ರು," ಎಂದಳು. "ನೀರು ಹೊತ್ತವಳು ನಾನು. ಅವರದ್ದೇನೂ ತಪ್ಪಿಲ್ಲ ಭಾವ. ಬಿರಡೆ ತೆಗೆದಿದ್ದು ನಾನು. ಅವರು ಹೋದಾಗಿನಿಂದ ಪ್ರತಿ ಭಾನುವಾರ."

"ಗೊತ್ತು."

"ಏನು ಗೊತ್ತು?"

"ಕುರುಡನಾ ನಾನು? ಬಿರಡೆ ಸುತ್ತ ಮರವೆಲ್ಲ ಸುತ್ತಿಗೆ ಏಟಿಗೆ ಜಜ್ಜಿಹೋಗಿದೆ. ಕಮೀಲ್‌ಗೆ ಅಷ್ಟು ಧೈರ್ಯ ಇಲ್ಲ. ಇನ್ಯಾರು ಬರ್ತಾರೆ ಇಲ್ಲಿಗೆ?"

"ಗೊತ್ತಿದ್ದೂ ಅವರ ತಲೆಗೆ ಕಟ್ಟಿದ್ರಾ?"

ಒಡಿಯೆಲ್ ಖಾಲಿ ಪೆಟ್ಟಿಗೆಯೊಂದನ್ನು ಕಾಲಿನಿಂದ ಎಳೆದುಕೊಂಡು ಕೂತ. "ಅವನು ಹೋದ, ಅಲೀಡಾ. ಇನ್ನೊಂದು ಮಾತು ಬಿದ್ರೆ ಅವನಿಗೆ ನೋವಾಗಲ್ಲ. ನೀನು ಇನ್ನೂ ಇಪ್ಪತ್ತು ವರ್ಷ ಈ ಮೆಟ್ಲು ಹತ್ತಿ ಇಳೀಬೇಕು."

"ನಂಗೆ ನೋವಾಗುತ್ತೆ," ಎಂದಳು. ಒಂದು ವರ್ಷದಲ್ಲಿ ಯಾರ ಮುಂದೆಯೂ ಹೀಗೆ ಹೇಳಿದವಳಲ್ಲ. "ಅವರ ಅಂಗೀನ ಎಷ್ಟು ಸಲ ಮೂಸಲಿ? ಒಗೆದ ಮೇಲೆ ಅದರಲ್ಲಿ ಏನೂ ಉಳೀಲಿಲ್ಲ. ಇದರಲ್ಲಿತ್ತು. ಅದಕ್ಕೆ ಬಂದೆ. ನನ್ನ ಮೂಗೇ ಅವರ ಹೆಸರು ತಿಂದು ಹಾಕ್ತು."

ಒಡಿಯೆಲ್ ಲೋಟವನ್ನು ಅಂಗೈಗಳ ನಡುವೆ ಹೊರಳಿಸುತ್ತಿದ್ದ.

"ಒಂದು ಮಾತು ನಿಜ ಹೇಳಿ ಭಾವ. ನಾನು ಮುಟ್ಟದೆ ಇದ್ದಿದ್ರೆ ಸೊನ್ನೆ ಬೀಳ್ತಿತ್ತಾ?"

ಅವನು ಲೋಟ ಹೊರಳಿಸುವುದನ್ನು ನಿಲ್ಲಿಸಿದ.

"ಈಸ್ಟರ್ ಹಿಂದಿನ ಶನಿವಾರ," ಎಂದ ಕೊನೆಗೆ, "ನಾನು ಇದನ್ನ ರುಚಿ ನೋಡಿದ್ದೆ."

"ಅಕ್ಟೋಬರಿಗೆ ಮುಂಚೆ ಯಾರೂ ಮೊಳೆ ಕೀಳಬಾರದು ಅಂತ ನೀವೇ ಅಲ್ವಾ..."

"ನಾನೇ. ಆದ್ರೂ ಕಿತ್ತೆ. ತಡೆಯೋಕಾಗಲಿಲ್ಲ. ನೀನು ಅಷ್ಟೊತ್ತಿಗೆ ಆರು ತಿಂಗಳಿಂದ ಬಿರಡೆ ತೆಗೀತಿದ್ದೆ ಅಂತೀಯ. ಚಳಿಗಾಲ, ಕೆನೆ ಗಟ್ಟಿಯಾಗಿತ್ತು ಅನ್ಸುತ್ತೆ, ತಡ್ಕೊಂಡಿತ್ತು. ಬಿಯರು ಹದಕ್ಕೆ ಬಂದಿತ್ತು, ಅಲೀಡಾ. ಬೆರೆಸೋಕೆ ಏನೂ ಬೇಕಿರಲಿಲ್ಲ. ಈ ನೆಲಮಾಳಿಗೇಲಿ ನಾನು ಬಾಯಿಗೆ ಹಾಕಿದ್ದರಲ್ಲೆಲ್ಲ ಅದೇ ಮೇಲು. ನಮ್ಮಪ್ಪನದ್ದನ್ನೂ ಸೇರಿಸಿ ಹೇಳ್ತಿದೀನಿ. ಅವತ್ತೇ ಬಾಟಲಿಗೆ ಇಳಿಸಿದ್ದಿದ್ರೆ ಆಗಿತ್ತು. ಬೇಸಿಗೆ ಸೆಕೇಲಿ ಕೆನೆ ಒಡೆದು ಕೆಟ್ಟಿದೆ ಇದು."

"ಮತ್ತೆ ಯಾಕೆ ಹೇಳಲಿಲ್ಲ?"

"ಹೊಟ್ಟೆಕಿಚ್ಚು," ಎಂದ ಒಡಿಯೆಲ್. ಅಷ್ಟು ಸಲೀಸಾಗಿ ಬಂತು ಆ ಮಾತು, ತಿಂಗಳುಗಟ್ಟಲೆ ಬಾಯಲ್ಲೇ ಇಟ್ಟುಕೊಂಡಿದ್ದನೆಂದು ಕಾಣುತ್ತದೆ. "ಹದಿನೈದು ವರ್ಷ ಆಗಲ್ಲ ಆಗಲ್ಲ ಅಂದವನು ನಾನು. ಅಂಗಡೀಲಿ ಕೂತು ಆಡ್ಕೊಂಡವನು. ಸತ್ತು ಮಲಗಿರೋನ ಮುಂದೆ ಸೋಲೋಕೆ ಮನಸ್ಸು ಬರಲಿಲ್ಲ. ಅಕ್ಟೋಬರಿಗೆ ಸೊನ್ನೆ ಹಾಕಿದ್ರಾಯ್ತು, ಎಲ್ಲಿ ಓಡಿಹೋಗುತ್ತೆ ಅಂದ್ಕೊಂಡೆ."

ಅಲೀಡಾಳಿಗೆ ಅವನನ್ನು ಹಿಡಿದು ಬಡಿಯಬೇಕೆನಿಸಿತು. ಸುತ್ತಿಗೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಆದರೆ ಈಸ್ಟರಿನ ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ, ಜೂನ್, ಜುಲೈ, ಆ ಉರಿಯುವ ಆಗಸ್ಟ್, ಪ್ರತಿ ವಾರ ಬಿರಡೆ ಕಿತ್ತವಳು ತಾನಲ್ಲವೇ? ಬೈಯಲು ಬಾಯಿ ತೆರೆದರೆ ಅರ್ಧ ಬೈಗುಳ ತನಗೇ ಬರುತ್ತಿತ್ತು. ಅವಳು ಪೀಪಾಯಿಗೆ ಬೆನ್ನು ಒರಗಿಸಿ ಅತ್ತಳು.

ಅತ್ತು ಮುಗಿದ ಮೇಲೆ ಸೊಂಟಕ್ಕೆ ಕಟ್ಟಿಕೊಂಡಿದ್ದ ಏಪ್ರನ್ನಿನಿಂದ ಮುಖ ಒರೆಸಿಕೊಂಡಳು.

"ಭಾನುವಾರ ಅಂಗಡೀಲಿ ಹೇಳಬೇಕು ನೀವು. ಈಗ ಹೇಳಿದ್ದನ್ನೇ. ಎಲ್ಲರೂ ಇರೋವಾಗ."

"ಹೇಳ್ತೀನಿ," ಎಂದ ಒಡಿಯೆಲ್. "ಬೇಕಿದ್ರೆ ಎದ್ದು ನಿಂತು ಹೇಳ್ತೀನಿ. ನಂಬೋರು ಯಾರು? 'ಎಲ್ಲಿ, ಒಂದು ಲೋಟ ಕೊಡು ನೋಡೋಣ' ಅಂತಾರೆ. ಕೊಡೋಕೇನಿದೆ? ಮುದುಕನಿಗೆ ತಮ್ಮನ ನೆನಪಾಗಿದೆ, ಪಾಪ, ಏನೋ ಹೇಳ್ತಾನೆ ಅಂತ ಬೆನ್ನು ತಟ್ಟಿ ಪಾರಿವಾಳದ ಮಾತಿಗೆ ಹೋಗ್ತಾರೆ."

ಹಾಗೇ ಆಗುತ್ತದೆಂದು ಅಲೀಡಾಳಿಗೂ ಗೊತ್ತಿತ್ತು. ಆ ಜನರ ಮುಖಗಳು ಒಂದೊಂದಾಗಿ ಅವಳ ಕಣ್ಣ ಮುಂದೆ ಬಂದವು. ಅವರಲ್ಲಿ ಕೆಟ್ಟವರು ಯಾರೂ ಇಲ್ಲ. ಕನಿಕರಪಡುತ್ತಾರೆ, ಅಷ್ಟೇ. ಬಿಯರನ್ನು ಮಾತಿನಲ್ಲಿ ಕುಡಿಸಿ ಒಪ್ಪಿಸಲು ಅಲ್ಲಿ ಯಾರಿಂದಲೂ ಆಗುವುದಿಲ್ಲ.

"ಹಾಗಾದ್ರೆ ಅವರನ್ನೆಲ್ಲ ಬಿಡಿ. ನಂಗೆ ಹೇಳಿ," ಎಂದಳು. "ಈಸ್ಟರಿಗೆ ಹೇಗಿತ್ತು ಅದು? ಒಂದೂ ಬಿಡದೆ ಹೇಳಿ. ಹುಳಿ ಎಷ್ಟಿತ್ತು, ಹಣ್ಣು ಎಷ್ಟಿತ್ತು, ಮರ ಗೊತ್ತಾಗ್ತಿತ್ತಾ. ನಾನು ನಂಬ್ತೀನಿ."

ಯುದ್ಧಕ್ಕೆ ಮುಂಚಿನ ಪೀಪಾಯಿಗಳ ರುಚಿಯನ್ನೂ ಬಾಯಿಪಾಠ ಒಪ್ಪಿಸುವ ಮನುಷ್ಯ ಒಡಿಯೆಲ್. ಲೋಟವನ್ನು ಮತ್ತೆ ಮೂಗಿಗೆ ಹಿಡಿದು ಇಳಿಸಿದ.

"ನೆನಪಿಲ್ಲ ಅಲೀಡಾ," ಎಂದ. "ನೆನಪು ಉಳೀಬಾರದು ಅಂತಾನೇ ಅವತ್ತು ಅಂಗಳಕ್ಕೆ ಹೋಗಿ ಪಂಪಿನ ನೀರಲ್ಲಿ ಬಾಯಿ ತೊಳ್ಕೊಂಡೆ. ಆಮೇಲೆ ಒಂದು ಹಸಿ ಈರುಳ್ಳಿ ಕಚ್ಚಿ ತಿಂದೆ, ಪೂರ್ತಿ. ಮೇಲು ಅನ್ನೋದೊಂದು ಉಳೀತು. ಹೇಗೆ ಅನ್ನೋದು ಹೋಯ್ತು."

ಅಲೀಡಾ ಅವನ ಕೈಯಿಂದ ಲೋಟ ಕಿತ್ತುಕೊಂಡು, ಉಳಿದದ್ದನ್ನೆಲ್ಲ ಬಾಯಿಗೆ ಸುರಿದುಕೊಂಡಳು. ಆ ವಿನೆಗರಿನ ಹಿಂದೆ ಎಲ್ಲಾದರೂ ಏನಾದರೂ ಉಳಿದಿದ್ದೀತೆಂದು ಕಣ್ಣು ಮುಚ್ಚಿ, ನುಂಗದೆ, ಬಹಳ ಹೊತ್ತು ನಾಲಿಗೆಯ ಮೇಲೆ ಇಟ್ಟುಕೊಂಡು ನಿಂತಳು. ನಾಲಿಗೆ ಉರಿಯಿತು. ಬೇರೇನೂ ಸಿಗಲಿಲ್ಲ.